ಮಗು ಹುಟ್ಟಿ 26 ದಿನ. ಹೆಸರೂ ಇಲ್ಲ, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ತಾರೀಖೂ ಇಲ್ಲ. ಯಾರಾದ್ರೂ ದಾರಿ ಹೇಳಿ

ಧಾರವಾಡದ ಅತ್ತೆ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹೆಣ್ಣು ಮಗು ಹುಟ್ಟಿದೆ. 19 ವರ್ಷ ಆದ ಮೇಲೆ ಅಟ್ಟದಿಂದ ತೊಟ್ಟಿಲು ಇಳಿಸಿದ್ದೇವೆ. ಮನೆಯಲ್ಲಿ ಸಂತೋಷಕ್ಕೇನೂ ಕಡಿಮೆ ಇಲ್ಲ. ಆದ್ರೆ ಒಬ್ಬರ ಮಾತು ಇನ್ನೊಬ್ಬರಿಗೆ ಆಗ್ತಾ ಇಲ್ಲ.

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಮನೆ, ಮುತ್ತಜ್ಜನ ಕಾಲದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು. ತಮ್ಮನ ಹೆಂಡತಿ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್. ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ. ಬೀಗತಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಬಾಣಂತನ ನಮ್ಮಲ್ಲೇ. ಬೀಗತಿಯೂ ವಾಕರ್ ಹಿಡ್ಕೊಂಡು ಬಂದು ಇಲ್ಲೇ ಇದ್ದಾರೆ.

ಅಪ್ಪನ ಹಟ: ನಮ್ಮ ಸಿಎಸ್‌ಐ ದೇವಾಲಯದಲ್ಲೇ (ಚರ್ಚ್‌ನಲ್ಲೇ) ದೀಕ್ಷಾಸ್ನಾನ ಆಗಬೇಕು, ತೀರಿಹೋದ ಅಮ್ಮನ ಹೆಸರು 'ಸುಗುಣಾ' ಇಡಬೇಕು. ಬೀಗತಿಯ ಹಟ: ಕ್ಯಾಥೊಲಿಕ್ ಚರ್ಚ್‌ನಲ್ಲಿ ಆಗಬೇಕು, ಬೇಗ ಆಗಬೇಕು, ಸಂತರ ಹೆಸರೇ ಬೇಕು. ಚಿಕ್ಕಮ್ಮ ಐದು ವರ್ಷದಿಂದ ಹುಬ್ಬಳ್ಳಿಯ ಬೇರೆ ಸಭೆಗೆ ಹೋಗ್ತಾರೆ. ಅವರ ಪ್ರಕಾರ ಮಗುವಿಗೆ ನೀರು ಹಾಕೋದೇ ತಪ್ಪು, ಪ್ರಾರ್ಥನೆ ಮಾಡಿ ಸಮರ್ಪಣೆ ಮಾಡಿದ್ರೆ ಸಾಕು. ತಮ್ಮ ಮತ್ತು ಅವನ ಹೆಂಡತಿಗೆ ಪಾಸ್‌ಪೋರ್ಟಲ್ಲಿ ಸರಿಯಾಗಿ ಕೂರುವ ಎರಡಕ್ಷರದ ಹೆಸರಾದ್ರೆ ಸಾಕಂತೆ.

ನಿನ್ನೆಯದು ಕೇಳಿ. ಎರೆಯೋಕೆ ಬರುವ ಅಜ್ಜಿ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದು, ಕುಂಚಿಗೆ ಕಟ್ಟಿ, ಎಡಗೆನ್ನೆಗೆ ಒಂದು ದೃಷ್ಟಿ ಬೊಟ್ಟಿಟ್ಟು ಹೋದಳು. ಚಿಕ್ಕಮ್ಮ ಸೆರಗಿನ ತುದಿ ನೆನೆಸಿ ಒರೆಸಿದರು. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಬೊಟ್ಟು ಮತ್ತೆ ಇತ್ತು. ಸಂಜೆಗೆ ಮತ್ತೆ ಇರಲಿಲ್ಲ. ರಾತ್ರಿ ನೋಡಿದ್ರೆ ಬಲಗೆನ್ನೆಗೆ ಬಂದಿದೆ! ಎರಡನೇ ಸಲ ಇಟ್ಟವರು ಯಾರು ಅಂತ ಯಾರೂ ಒಪ್ಕೊಳ್ತಾ ಇಲ್ಲ. ನನಗೆ ಅಪ್ಪನ ಮೇಲೇ ಅನುಮಾನ.

ಇಂಥ ಮನೆಗಳಲ್ಲಿ ನೀವೆಲ್ಲ ಹೇಗೆ ಸಂಭಾಳಿಸಿದ್ರಿ? ಇನ್ನೊಂದು, ನನಗೆ ಗಾಡ್‌ಮದರ್ (ದೀಕ್ಷಾಸ್ನಾನದಲ್ಲಿ ಮಗುವಿನ ಪರ ನಿಲ್ಲುವ ಧರ್ಮಮಾತೆ) ಆಗುವ ಆಸೆ ಇದೆ. ಕ್ಯಾಥೊಲಿಕ್ ಚರ್ಚ್‌ನಲ್ಲಿ ಬಿಡ್ತಾರಾ?

ಕುಡ್ಲದ ಹುಡುಗ
ಬಲಗೆನ್ನೆ 😂 ಅಪ್ಪನೇ. ಗ್ಯಾರಂಟಿ.

ಚಹಾ ಕುಡಿದು ಮಾತಾಡೋಣ
ಮಗು ಅಪ್ಪ ಅಮ್ಮಂದು. ಅವರು ಹೇಳಿದ ಹಾಗೆ ಮಾಡಿ. ಮುಗೀತು. ಇಷ್ಟುದ್ದ ಬರೆಯೋದೇನಿದೆ?

ಧಾರವಾಡದ ಅತ್ತೆ
@ಚಹಾ ಕುಡಿದು ಮಾತಾಡೋಣ ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ?

ಚಹಾ ಕುಡಿದು ಮಾತಾಡೋಣ
ನಾನು, ನನ್ನ ನಾಯಿ.

ಇಗರ್ಜಿ ಆಫೀಸಿನವ
ಒಂದು ಚರ್ಚ್ ಆಫೀಸಿನಲ್ಲಿ 11 ವರ್ಷ ರಿಜಿಸ್ಟರ್ ಬರೆದಿದ್ದೇನೆ. ಗೊತ್ತಿರುವಷ್ಟು ಹೇಳ್ತೀನಿ.

ಮೊದಲು ಗಾಡ್‌ಮದರ್ ವಿಷಯ. ಕ್ಯಾಥೊಲಿಕ್ ದೀಕ್ಷಾಸ್ನಾನಕ್ಕೆ ಒಬ್ಬ ಗಾಡ್‌ಫಾದರ್ ಅಥವಾ ಒಬ್ಬ ಗಾಡ್‌ಮದರ್ ಇದ್ರೂ ನಡೆಯುತ್ತೆ, ಇಬ್ಬರೂ ಇರಬಹುದು. ಅವರು ಕ್ಯಾಥೊಲಿಕ್ ಆಗಿರಬೇಕು, ದೃಢೀಕರಣ (ಕನ್ಫರ್ಮೇಶನ್ ಸಂಸ್ಕಾರ) ಆಗಿರಬೇಕು. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ಮಗುವಿನ ಅಪ್ಪ ಅಮ್ಮ ಆಗುವ ಹಾಗಿಲ್ಲ. ನೀವು ಸಿಎಸ್‌ಐ ಆದ್ದರಿಂದ ಗಾಡ್‌ಮದರ್ ಅಂತ ಬರೆಯೋದಿಲ್ಲ. ಆದ್ರೆ ಒಬ್ಬ ಕ್ಯಾಥೊಲಿಕ್ ಗಾಡ್‌ಪೇರೆಂಟ್ ಜೊತೆಗೆ ನೀವು 'ಸಾಕ್ಷಿ'ಯಾಗಿ ನಿಲ್ಲಬಹುದು. ಕ್ಯಾಥೊಲಿಕ್ ಸಭೆಯ 1983ರ ಕಾನೂನು ಸಂಹಿತೆಯಲ್ಲೇ ಇದಕ್ಕೆ ಅವಕಾಶ ಇದೆ. ಜೊತೆಯಲ್ಲೇ ನಿಲ್ತೀರಿ, ಫೋಟೋದಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ.

ಎರಡನೇದು, ಎಲ್ಲಿ ಅನ್ನೋದು. ಮದುವೆ ಎಲ್ಲಾಯ್ತು? ಕ್ಯಾಥೊಲಿಕ್ ಚರ್ಚ್‌ನ ಅನುಮತಿ ಪಡೆದು ಆಗಿದ್ರೆ, ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷಾಸ್ನಾನ ಕೊಡಿಸಿ ಹಾಗೇ ಬೆಳೆಸಲು ನನ್ನಿಂದಾದಷ್ಟು ಮಾಡ್ತೀನಿ ಅಂತ ಹುಡುಗಿ ಮಾತು ಕೊಟ್ಟಿರ್ತಾಳೆ. ಹುಡುಗ ಮಾತು ಕೊಡಬೇಕಾಗಿಲ್ಲ. ಆದ್ರೆ ಆ ವಿಷಯ ಅವನಿಗೆ ತಿಳಿಸಿರಬೇಕು.

ಧಾರವಾಡದ ಅತ್ತೆ
ಮದುವೆ ಮಂಗಳೂರಲ್ಲೇ ಆಯ್ತು. ಈಗ ತಮ್ಮನನ್ನು ಕೇಳಿದೆ. "ಹೌದು, ಆಗ ಏನೋ ಸಹಿ ಹಾಕಿದ್ಲು" ಅಂದ. ಏನೋ ಸಹಿ! ಅಪ್ಪನಿಗೆ ಇದು ಗೊತ್ತೇ ಇಲ್ಲ. ನಾನಂತೂ ಹೇಳೋದಿಲ್ಲಪ್ಪ.

ಸಭೆಯ ಹಿರಿಯ
ಇದೇ ನನಗೆ ಆಗದ ಮಾತು. ನಮ್ಮ ಸಿಎಸ್‌ಐ ದೀಕ್ಷಾಸ್ನಾನ ಏನು ಎರಡನೇ ದರ್ಜೆಯದಾ? 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಎಲ್ಲ ಸೇರಿ ಒಂದೇ ಸಭೆ ಆದವರು ನಾವು. ಒಂದಾಗೋದು ಹೇಗೆ ಅಂತ ಬೇರೆಯವರು ನಮಗೆ ಕಲಿಸೋದಾ? ಮಗು ಅಪ್ಪನ ಮನೆಯದು, ಅಪ್ಪನ ದೇವಾಲಯದಲ್ಲೇ ಆಗಲಿ.

ಇಗರ್ಜಿ ಆಫೀಸಿನವ
ಅಣ್ಣಾ, ಎರಡನೇ ದರ್ಜೆ ಅಂತ ಯಾರೂ ಹೇಳಿಲ್ಲ. ನೀರಿನಿಂದ, ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಆದ ಸಿಎಸ್‌ಐ ದೀಕ್ಷಾಸ್ನಾನವನ್ನು ಕ್ಯಾಥೊಲಿಕ್ ಸಭೆ ಒಪ್ಪುತ್ತೆ. ಮುಂದೆ ಆ ಮಗು ಕ್ಯಾಥೊಲಿಕ್ ಆದ್ರೂ ಮತ್ತೆ ನೀರು ಹಾಕೋದಿಲ್ಲ. ನಾನು ಹೇಳಿದ್ದು ಹುಡುಗಿ ಕೊಟ್ಟ ಮಾತಿನ ಬಗ್ಗೆ.

ಇನ್ನೊಂದು. ದೀಕ್ಷಾಸ್ನಾನಕ್ಕೆ ಅಪ್ಪ ಅಮ್ಮರಲ್ಲಿ ಒಬ್ಬರಾದ್ರೂ ಒಪ್ಪಿರಬೇಕು. ನಾನು ಬರೆದ ಫಾರಂನಲ್ಲಿ ಅಜ್ಜ ಅಜ್ಜಿಯ ಸಹಿಗೆ ಜಾಗವೇ ಇರಲಿಲ್ಲ. ಗಲಾಟೆ ಮಾತ್ರ ಯಾವಾಗ್ಲೂ ಅವರದೇ.

ವಾಕ್ಯವೇ ದೀಪ
ಚಿಕ್ಕಮ್ಮನನ್ನು ಎಲ್ಲರೂ ಖಳನಾಯಕಿ ಮಾಡ್ತಾ ಇದ್ದೀರಿ. ಅವರು ಹೇಳೋದರಲ್ಲಿ ತಪ್ಪೇನಿದೆ? ನಂಬಿದವರು ತಾನೇ ದೀಕ್ಷಾಸ್ನಾನ ತಗೊಳ್ಳಬೇಕು? 26 ದಿನದ ಮಗು ಏನನ್ನು ನಂಬುತ್ತೆ? ಬೈಬಲ್‌ನಲ್ಲಿ ಹನ್ನಳು ಮಗ ಸಮುವೇಲನನ್ನು ದೇವರಿಗೆ ಒಪ್ಪಿಸಿದ ಹಾಗೆ ಒಪ್ಪಿಸಿ. ಬೆಳೆದ ಮೇಲೆ ಮಗು ತಾನೇ ತೀರ್ಮಾನ ಮಾಡಲಿ.

ಸಭೆಯ ಹಿರಿಯ
ಬೈಬಲ್‌ನ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ಓದಿ. ಫಿಲಿಪ್ಪಿಯ ಸೆರೆಮನೆಯ ಯಜಮಾನ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡ. ಎಲ್ಲರೂ ಅಂದ್ರೆ ಎಲ್ಲರೂ.

ವಾಕ್ಯವೇ ದೀಪ
ಆ ಮನೆಯಲ್ಲಿ ಕೂಸಿತ್ತು ಅಂತ ಎಲ್ಲಿ ಬರೆದಿದೆ?

ಸಭೆಯ ಹಿರಿಯ
ಇರಲಿಲ್ಲ ಅಂತ ಎಲ್ಲಿ ಬರೆದಿದೆ?

ಕುಡ್ಲದ ಹುಡುಗ
ಇದು ನೂರಾರು ವರ್ಷದಿಂದ ನಡೀತಿರೋ ಜಗಳ. ಇವತ್ತು ರಾತ್ರಿ ಇಲ್ಲಿ ಮುಗಿಯಲ್ಲ. ಅತ್ತೆಯ ಪ್ರಶ್ನೆಗೆ ಬನ್ನಿ.

ರಾತ್ರಿಪಾಳಿ ನರ್ಸ್
ನಾನು ಕ್ಯಾಥೊಲಿಕ್ಕೂ ಅಲ್ಲ, ಸಿಎಸ್‌ಐಯೂ ಅಲ್ಲ, ಬರೀ ನರ್ಸ್. ಬೊಟ್ಟು ಯಾವ ಕೆನ್ನೆಗೆ ಇಟ್ರೂ ಪರವಾಗಿಲ್ಲ, ಕಣ್ಣಿಗೆ ಕಾಡಿಗೆ ಮಾತ್ರ ಬೇಡ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತೆ. ಒಂದು ವರ್ಷದವರೆಗೆ ಜೇನು ನೆಕ್ಕಿಸಬೇಡಿ. ಬಂಗಾರ ಉಜ್ಜಿ, ಬಜೆ ತೇದು ಜೇನಲ್ಲಿ ಕೊಡೋಕೆ ಯಾವುದಾದ್ರೂ ಅಜ್ಜಿ ಕಾಯ್ತಾ ಇರ್ತಾರೆ, ಜೋಪಾನ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಸಾಂಬ್ರಾಣಿ ಹೊಗೆಯೂ ಮಗುವಿನ ಶ್ವಾಸಕ್ಕೆ ಒಳ್ಳೇದಲ್ಲ, ಅಜ್ಜಿಗೆ ಬೇಜಾರಾದ್ರೂ ಹೇಳಿಬಿಡಿ.

ಚರ್ಚ್ ಯಾವುದಾದ್ರೂ ಇರಲಿ, ಬಂದ 200 ಜನ ಮಗುವಿಗೆ ಮುತ್ತು ಕೊಡೋದು ಬೇಡ. ಆರು ವಾರದ ಲಸಿಕೆ ಮುಗಿಸಿ ದೊಡ್ಡ ಕಾರ್ಯಕ್ರಮ ಇಟ್ಕೊಂಡ್ರೆ ಒಳ್ಳೇದು.

ಧಾರವಾಡದ ಅತ್ತೆ
ಜೇನಿನ ಬಾಟಲಿ ನಿನ್ನೆಯೇ ಬಂದಿದೆ ಸಿಸ್ಟರ್. ಬಚ್ಚಿಟ್ಟೆ.

ಮಸ್ಕತ್ ಮನೆ
ನಿಮ್ಮ ಬೀಗತಿಯ ಅವಸರ ನನಗೆ ಅರ್ಥ ಆಗುತ್ತೆ. ನಮ್ಮ ಅಜ್ಜಿಯರ ಕಾಲದಲ್ಲಿ ನೀರು ಬೀಳದೆ ಮಗು ಸತ್ತರೆ ಲಿಂಬೊ ಅನ್ನೋ ಜಾಗಕ್ಕೆ ಹೋಗುತ್ತೆ ಅಂತ ಹೇಳ್ತಿದ್ರು. ಸ್ವರ್ಗವೂ ಅಲ್ಲ, ನರಕವೂ ಅಲ್ಲ. ಆ ಹೆದರಿಕೆ ರಕ್ತದಲ್ಲೇ ಇದೆ. 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರಜ್ಞರ ಆಯೋಗ ಒಂದು ವರದಿ ಪ್ರಕಟಿಸಿ, ಅಂಥ ಮಕ್ಕಳೂ ರಕ್ಷಣೆ ಹೊಂದುತ್ತಾರೆ ಅಂತ ಆಶಿಸೋಕೆ ಗಟ್ಟಿ ಕಾರಣಗಳಿವೆ ಅಂತ ಹೇಳಿತು. ಆದ್ರೆ ಅಜ್ಜಿಯರು ವರದಿ ಓದಲ್ಲ ಅಲ್ವಾ?

ನನ್ನ ಅಕ್ಕನ ಮಗ ಏಳನೇ ತಿಂಗಳಿಗೇ ಹುಟ್ಟಿದ. ತೂಕ 1 ಕೆಜಿ 100 ಗ್ರಾಂ. ರಾತ್ರಿ ಎರಡು ಗಂಟೆಗೆ ಡಾಕ್ಟರ್ ಕೈ ಚೆಲ್ಲಿದರು. ಫಾದರ್ ಬರೋಕೆ ಸಮಯ ಇರಲಿಲ್ಲ. ಅಲ್ಲಿದ್ದ ನರ್ಸ್ ಸಿರಿಂಜಿನಲ್ಲಿ ನೀರು ತಗೊಂಡು ಹಣೆಗೆ ಮೂರು ಹನಿ ಬಿಟ್ಟು ಹೇಳಬೇಕಾದ ಮಾತು ಹೇಳಿದಳು. ಅಪಾಯದ ಹೊತ್ತಲ್ಲಿ ಯಾರು ಬೇಕಾದ್ರೂ ಕೊಡಬಹುದು, ಆ ಮನಸ್ಸಿದ್ರೆ ಸಾಕು. ಹುಡುಗ ಬದುಕಿದ. ಮೂರು ತಿಂಗಳ ಮೇಲೆ ಚರ್ಚ್‌ಗೆ ಕರ್ಕೊಂಡು ಹೋದಾಗ ಫಾದರ್ ಮತ್ತೆ ನೀರು ಹಾಕಲಿಲ್ಲ. ತೈಲ, ಬಿಳಿ ಬಟ್ಟೆ, ಮೇಣದಬತ್ತಿ, ಉಳಿದದ್ದಷ್ಟೇ ಮಾಡಿದರು. ಈಗ ಒಂಬತ್ತನೇ ಕ್ಲಾಸು. ದಿನವಿಡೀ ಕ್ರಿಕೆಟ್.

ಕುಡ್ಲದ ಹುಡುಗ
ಮೂರು ಹನಿ ಓದಿ ಸುಮ್ನೆ ಕೂತೆ ಸ್ವಲ್ಪ ಹೊತ್ತು.

ಹಾರೋಬೆಲೆ ಹೈದ
ಹೆಸರಿನ ವಿಷಯಕ್ಕೆ ಬರ್ತೀನಿ. ಸಂತರ ಹೆಸರು ಅಂದ್ರೆ ಸಿಸಿಲಿಯಾ, ಫ್ಲೋರಿನ್ ಮಾತ್ರ ಅಂತ ಕರಾವಳಿಯವರು ಅಂದ್ಕೊಂಡಿದ್ದಾರೆ. ನಮ್ಮ ಕಡೆ ಕನಕಪುರ ಸೀಮೆಯ ಕನ್ನಡ ಕ್ಯಾಥೊಲಿಕರ ಮನೆಗಳಲ್ಲಿ ಚಿನ್ನಪ್ಪ, ಅರುಳಪ್ಪ, ರಾಯಪ್ಪ, ಇನ್ನಾಸಪ್ಪ, ಚೌರಪ್ಪ ಇದ್ದಾರೆ. ಎಲ್ಲರೂ ಸಂತರೇ. ಪೌಲ ಅನ್ನೋದರ ಲ್ಯಾಟಿನ್ ಅರ್ಥ ಚಿಕ್ಕವನು, ಅದಕ್ಕೇ ಚಿನ್ನಪ್ಪ. ಯೋಹಾನ ಅಂದ್ರೆ ದೇವರ ಕೃಪೆ, ಅರುಳ್ ಅಂದ್ರೆ ಕೃಪೆ, ಹಾಗಾಗಿ ಅರುಳಪ್ಪ. ರಾಯಪ್ಪ ಪೇತ್ರ, ಇನ್ನಾಸಪ್ಪ ಇಗ್ನೇಷಿಯಸ್, ಚೌರಪ್ಪ ಕ್ಸೇವಿಯರ್. ತಮಿಳಿನಿಂದ ಬಂದ ಹೆಸರುಗಳಿವು. ಹಿಂದಿನವರು ಹೆಸರಿನ ಅರ್ಥವನ್ನೇ ನಮ್ಮ ಮಾತಿಗೆ ತಂದುಬಿಟ್ಟರು. ಹಾಗಿದ್ದಾಗ ಸುಗುಣಾ ಯಾಕೆ ಆಗಬಾರದು?

ನಮ್ಮಪ್ಪ ಬೆಂಗಳೂರಿಗೆ ಕೆಲಸಕ್ಕೆ ಸೇರಿದಾಗ ಆಫೀಸಲ್ಲಿ "ನೀವು ಕ್ರಿಶ್ಚಿಯನ್ನಾ? ಹೆಸರು ಚಿನ್ನಪ್ಪ ಅಂತಿದೆಯಲ್ಲ" ಅಂತ 30 ವರ್ಷ ಕೇಳಿದರು. ಅಪ್ಪ ಒಂದು ದಿನವೂ ಬೇಜಾರು ಮಾಡ್ಕೊಂಡಿಲ್ಲ. ನನಗೆ ಮಾತ್ರ ಕೋಪ ಬರುತ್ತೆ.

ಇಗರ್ಜಿ ಆಫೀಸಿನವ
ಸರಿಯಾಗಿ ಹೇಳಿದ್ರಿ. ಹಳೇ ಕಾನೂನಲ್ಲಿ ಕ್ರೈಸ್ತ ಹೆಸರೇ ಇಡಬೇಕು ಅಂತಿತ್ತು. 1983ರ ಮೇಲೆ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಅಂತಷ್ಟೇ ಇದೆ. ಒಳ್ಳೇ ಗುಣ ಅನ್ನೋ ಅರ್ಥದ ಹೆಸರಿಗೆ ಯಾವ ಫಾದರ್ ತಾನೇ ಬೇಡ ಅಂತಾರೆ?

ಬೆಂದೂರು ಬಾಯಿ
ನಾನೂ ಮಂಗಳೂರಿನವಳೇ, 68 ವರ್ಷ. ನಿಮ್ಮ ಬೀಗತಿಗೆ ಒಂದು ಮಾತು ಮರೆತುಹೋಗಿದೆ. ನಮ್ಮ ಹಳೇ ಪದ್ಧತಿಯಲ್ಲಿ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಹೆಣ್ಣು ಮಗುವಿಗೆ ಅಪ್ಪನ ಅಮ್ಮನ ಹೆಸರು. ಅಮ್ಮನ ಕಡೆಯವರ ಸರದಿ ಎರಡನೇ ಮಗುವಿಗೆ. ಅಂದ್ರೆ ಪದ್ಧತಿ ಪ್ರಕಾರ ಈ ಮಗುವಿಗೆ ನಿಮ್ಮ ಅಮ್ಮನ ಹೆಸರೇ ಬರಬೇಕು! ಹೋಗಿ ಹೇಳಿ ಅವರಿಗೆ. ನಾನು ಹೇಳಿದೆ ಅಂತ ಹೇಳ್ಬೇಡಿ.

ಧಾರವಾಡದ ಅತ್ತೆ
ಅಯ್ಯೋ ಬಾಯಿ, ನಿಮಗೆ ಕೋಟಿ ನಮಸ್ಕಾರ! ಹೇಳಿದೆ. ಬೀಗತಿ ವಾಕರ್ ನಿಲ್ಲಿಸಿ ಒಂದು ನಿಮಿಷ ಗೋಡೆ ನೋಡಿದರು. ಆಮೇಲೆ "ಅದು ಹೌದು" ಅಂದರು. ಆಮೇಲೆ "ಆದ್ರೆ ಸುಗುಣಾ ಅಂತ ಸಂತರು ಇಲ್ವಲ್ಲ" ಅಂತ ಮತ್ತೆ ಅಲ್ಲಿಗೇ ಬಂದರು.

ಸಭೆಯ ಹಿರಿಯ
ಬೈಬಲ್‌ನ ಲೂಕ 1ನೇ ಅಧ್ಯಾಯ ನೆನಪಿಸಿ. ನೆಂಟರೆಲ್ಲ ಸೇರಿ ಮಗುವಿಗೆ ಜಕರೀಯ ಅಂತ ಅಪ್ಪನ ಹೆಸರಿಡೋಕೆ ಹೊರಟರು. ತಾಯಿ ಎಲಿಸಬೇತ್ ಯೋಹಾನ ಅಂದಳು. ನಿಮ್ಮ ಸಂಬಂಧಿಕರಲ್ಲಿ ಆ ಹೆಸರಿನವರು ಯಾರೂ ಇಲ್ಲ ಅಂತ ತಕರಾರು ತೆಗೆದರು. ಮಾತು ನಿಂತುಹೋಗಿದ್ದ ಅಪ್ಪ ಹಲಗೆ ತರಿಸಿ ಅದೇ ಹೆಸರು ಬರೆದ. ತಾಯಿ ಹೇಳಿದ್ದೇ ನಡೀತು.

ಚಹಾ ಕುಡಿದು ಮಾತಾಡೋಣ
ಅಂದ್ರೆ ನಾನು ಮೊದಲೇ ಹೇಳಿದ್ದು ಸರಿ.

ಸಭೆಯ ಹಿರಿಯ
ಹೌದು ಮಾರಾಯ, ನಾಯಿಗೆ ಊಟ ಹಾಕು ಹೋಗು.

ಫೈಲು ಹಿಡಿದವಳು
ಯಾರೂ ಕೆಲಸದ ಮಾತು ಹೇಳ್ತಾ ಇಲ್ಲ. ಜನನ ನೋಂದಣಿ ಆಯ್ತಾ? 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ್ರೆ ಅವರೇ ಮಾಹಿತಿ ಕಳಿಸ್ತಾರೆ, ಆದ್ರೂ ಇ-ಜನ್ಮದಲ್ಲಿ (ಸರ್ಕಾರದ ಜನನ ನೋಂದಣಿ ತಾಣ) ಸೇರಿದೆಯಾ ಅಂತ ಒಮ್ಮೆ ನೋಡ್ಕೊಳ್ಳಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತೆ. 12 ತಿಂಗಳೊಳಗೆ ಹೆಸರು ಸೇರಿಸಿದ್ರೆ ಶುಲ್ಕ ಇಲ್ಲ. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು.

2023ರ ಅಕ್ಟೋಬರ್ 1ರಿಂದ ಕಾನೂನು ಬದಲಾಗಿದೆ. ಆ ದಿನದಿಂದ ಹುಟ್ಟಿದ ಮಕ್ಕಳ ಹುಟ್ಟಿದ ತಾರೀಖು, ಊರಿಗೆ ಜನನ ಪ್ರಮಾಣಪತ್ರವೇ ದಾಖಲೆ. ನನ್ನ ಅಪ್ಪನ ಕಾಲದ ಹಾಗೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ತೋರಿಸಿ ಶಾಲೆಗೆ ಸೇರಿಸೋಕಾಗಲ್ಲ. ಚರ್ಚ್ ರಿಜಿಸ್ಟರಲ್ಲಿ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು ಮಾಡ್ಕೋಬೇಡಿ. ನನಗೆ ಹಾಗಾಗಿದೆ. ಮದುವೆ ಹೊತ್ತಲ್ಲಿ ಅಫಿಡವಿಟ್ ಮಾಡಿಸಿ ಸುಸ್ತಾದೆ.

ಧಾರವಾಡದ ಅತ್ತೆ
ನೋಂದಣಿ ಆಗಿದೆ, ಹೆಸರಿನ ಜಾಗ ಖಾಲಿ. ಅಂದ್ರೆ ಇನ್ನೂ 11 ತಿಂಗಳು ಜಗಳ ಆಡಬಹುದು 🙏

ಮಸ್ಕತ್ ಮನೆ
ವಿಷಯ ಸ್ವಲ್ಪ ಬೇರೆ. ಸೆಪ್ಟೆಂಬರ್ 8ಕ್ಕೆ ಮಗುವನ್ನು ಮಂಗಳೂರಿಗೆ ಕರ್ಕೊಂಡು ಹೋಗಿ. ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಹೂವು ಹಾಕ್ತಾರೆ, ಆಶೀರ್ವಾದ ಮಾಡಿದ ತೆನೆ ಮನೆಗೆ ತಂದು ಹೊಸ ಅಕ್ಕಿಯ ಕಾಳು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಕೊಡ್ತಾರೆ. ನಮಗೆ ಅಮ್ಮ ಪ್ರತಿ ವರ್ಷ ಲಕೋಟೆಯಲ್ಲಿ ನಾಲ್ಕು ಭತ್ತದ ಕಾಳು ಕಳಿಸ್ತಾರೆ. ಮಗಳು ಹುಟ್ಟಿದ ವರ್ಷ ಐದು ಕಳಿಸಿದ್ರು.

ಸಭೆಯ ಹಿರಿಯ
ಬಾಸೆಲ್ ಮಿಷನ್ ಅಂದಿದ್ದಕ್ಕೆ ನೆನಪಾಯ್ತು. ಅತ್ತೆ, ನಿಮ್ಮ ಮನೆಯಲ್ಲಿ ಹಳೇ ಬೈಬಲ್ ಇರಬೇಕಲ್ಲ? ಮುಂದಿನ ಖಾಲಿ ಹಾಳೆಯಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಬರೆದಿಡ್ತಿದ್ರು. ಅದರಲ್ಲಿ ನಿಮ್ಮ ಹಳಬರ ಹೆಸರುಗಳು ಸಿಗಬಹುದು, ನೋಡಿ.

ಧಾರವಾಡದ ಅತ್ತೆ
(ಎರಡು ದಿನ ಆದ ಮೇಲೆ) ನೋಡಿದೆ. ಹೇಳ್ತೀನಿ ಕೇಳಿ.

ಅಲ್ಮೇರಾದ ಕೆಳಗಿನ ಖಾನೆಯಲ್ಲಿ, ಅಮ್ಮನ ಇಳಕಲ್ ಸೀರೆಗಳ ಅಡಿಯಲ್ಲಿ ಇತ್ತು. ಬೆನ್ನು ಕಿತ್ತುಹೋಗಿ ಅಪ್ಪ ಯಾವಾಗ್ಲೋ ಖಾಕಿ ಬಟ್ಟೆ ಅಂಟಿಸಿದ್ದಾರೆ. ಮೊದಲ ಹಾಳೆಯಲ್ಲಿ ಅಜ್ಜನ ಕೈಬರಹ. ನೀಲಿ ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಎಂಟು ಮಕ್ಕಳ ಹೆಸರು, ಅದರಲ್ಲಿ ಮೂರರ ಮುಂದೆ ಒಂದೊಂದು ಶಿಲುಬೆ. ಕೆಳಗೆ 1974ರಲ್ಲಿ ಅಪ್ಪನ ಮದುವೆ. ಅಲ್ಲಿ ಅಮ್ಮನ ಹೆಸರು ಸುಗುಣಾ ಅಂತ ಇಲ್ಲವೇ ಇಲ್ಲ. "ಮಾರ್ಥಾ" ಅಂತಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಮನೆಯಲ್ಲಿ ಒಬ್ಬ ಮಾರ್ಥಾ ಇರುವುದರಿಂದ ಸುಗುಣಾ ಎಂದು ಕರೆಯುವುದು."

ಆ ಇನ್ನೊಬ್ಬ ಮಾರ್ಥಾ ನನ್ನ ದೊಡ್ಡ ಸೋದರತ್ತೆ. ರೇಷನ್ ಕಾರ್ಡು, ವೋಟರ್ ಐಡಿ, ಸಮಾಧಿಯ ಕಲ್ಲು, ಎಲ್ಲದರಲ್ಲೂ ಅಮ್ಮ ಸುಗುಣಾ. 47 ವರ್ಷ ನನ್ನ ಅಮ್ಮನ ಹೆಸರು ನನಗೇ ಗೊತ್ತಿರಲಿಲ್ಲ! ಓಡಿಹೋಗಿ ಅಪ್ಪನಿಗೆ ತೋರಿಸಿದೆ. ಪೇಪರ್‌ನಿಂದ ಕಣ್ಣೂ ಎತ್ತದೆ "ಗೊತ್ತದ. ಯಾರರೆ ಕೇಳಿದ್ರೇನು ನನ್ನ?" ಅಂದರು.

ಕುಡ್ಲದ ಹುಡುಗ
ಅಪ್ಪನ ಅಭಿಮಾನಿ ಸಂಘ ಶುರು ಮಾಡೋಣ.

ಬೆಂದೂರು ಬಾಯಿ
ಮಾರ್ಥಾ ಸಂತಳೇ! ಜುಲೈ 29. 2021ರಿಂದ ಮಾರ್ಥಾ, ಮರಿಯ, ಲಾಜರ ಮೂವರ ಹಬ್ಬವನ್ನೂ ಒಟ್ಟಿಗೇ ಮಾಡ್ತಾರೆ. ಇನ್ನೇನು ಬೇಕು? ಅಪ್ಪನಿಗೆ ಹೆಂಡತಿಯ ಹೆಸರು, ಬೀಗತಿಗೆ ಸಂತಳ ಹೆಸರು.

ಧಾರವಾಡದ ಅತ್ತೆ
ನಾನೂ ಹಾಗೇ ಅಂದ್ಕೊಂಡೆ ಬಾಯಿ. ಬೀಗತಿ ಕಣ್ಣೊರೆಸಿಕೊಂಡರು, ಅಪ್ಪ ಗಂಟಲು ಸರಿಮಾಡಿಕೊಂಡರು. ಚರ್ಚ್ ಯಾವುದು ಅನ್ನೋದನ್ನೂ ತಮ್ಮ ಆವತ್ತೇ ಹೇಳಿಬಿಟ್ಟ, ಹೆಂಡತಿ ಕೊಟ್ಟ ಮಾತು ನಡೆಸ್ತೀನಿ ಅಂತ. ಅಪ್ಪ ಎದ್ದು ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು, "ಊಟ ಮಾತ್ರ ನಮ್ಮ ದೇವಾಲಯದ ಹಾಲ್‌ನಾಗ" ಅಂದರು. ಚಿಕ್ಕಮ್ಮ ಮನೆಯಲ್ಲೇ ಬೇರೆ ಪ್ರಾರ್ಥನೆ ಇಡ್ತಾರಂತೆ. ಇಡಲಿ. ಪ್ರಾರ್ಥನೆ ಜಾಸ್ತಿ ಆದ್ರೆ ಯಾರಿಗೇನು ನಷ್ಟ?

ಆದ್ರೆ ಬಾಣಂತಿ ಹೆಸರು ಒಪ್ಪಲಿಲ್ಲ! ಹಾಸಿಗೆಯಿಂದಲೇ "ಮಾರ್ಥಾ ಅಂದ್ರೆ ಬೈಬಲ್‌ನಲ್ಲಿ ಅಡುಗೆಮನೇಲಿ ಒದ್ದಾಡ್ತಾ ಇದ್ದವಳು ತಾನೇ? ತಂಗಿ ಆರಾಮಾಗಿ ಕೂತು ಮಾತು ಕೇಳ್ತಿದ್ಲು. ನನ್ನ ಮಗಳು ಜೀವನಪೂರ್ತಿ ಪಾತ್ರೆ ತೊಳೀಬೇಕಾ ಅಕ್ಕಾ?" ಅಂದಳು. ನನಗೆ ನಗು ತಡೆಯೋಕಾಗಲಿಲ್ಲ.

ವಾಕ್ಯವೇ ದೀಪ
ಯೋಹಾನ 11 ಓದೋಕೆ ಹೇಳಿ ಅವರಿಗೆ. ತಮ್ಮ ಲಾಜರ ಸತ್ತಾಗ ತಂಗಿ ಮರಿಯ ಮನೆಯಲ್ಲೇ ಕೂತಿದ್ದಳು. ಎದ್ದು ಹೋಗಿ ದಾರಿಯಲ್ಲೇ ಯೇಸುವನ್ನು ನಿಲ್ಲಿಸಿ, ನೀನಿಲ್ಲಿ ಇದ್ದಿದ್ರೆ ನನ್ನ ತಮ್ಮ ಸಾಯ್ತಿರಲಿಲ್ಲ ಅಂತ ಮುಖಕ್ಕೇ ಹೇಳಿದವಳು ಮಾರ್ಥಾ. ಪಾತ್ರೆ ತೊಳೆಯೋಳು ಮಾತ್ರ ಅಲ್ಲ.

ಸಭೆಯ ಹಿರಿಯ
ಮೊದಲ ಸಲ ನಿಮ್ಮ ಮಾತು ಒಪ್ಪಿದೆ.

ಧಾರವಾಡದ ಅತ್ತೆ
ಓದಿ ಹೇಳಿದೆ. "ಹಂಗಾದ್ರೆ ನೋಡೋಣ" ಅಂದಳು. ಮಗು ಎದ್ದಿತು, ಮಾತು ಅಲ್ಲಿಗೇ ನಿಂತಿತು. ಸದ್ಯಕ್ಕೆ ಎಲ್ಲರೂ ಪುಟ್ಟಿ ಅಂತಿದ್ದೇವೆ.

ಇನ್ನೊಂದು ಕೇಳೋದಿತ್ತು. ಬಾಣಂತಿಗೆ ಅಂಟಿನುಂಡೆ ಮಾಡ್ತಿದ್ದೀನಿ. ಅಂಟು ತುಪ್ಪದಲ್ಲಿ ಅರಳ್ತಾನೇ ಇಲ್ಲ, ಒಳಗೆ ಕಲ್ಲಿನ ಹಾಗೆ ಉಳಿಯುತ್ತೆ. ಬೀಗತಿಗೆ ಇದು ಗೊತ್ತಿಲ್ಲ, ಅಮ್ಮ ಇಲ್ಲ.

ಫೈಲು ಹಿಡಿದವಳು
ಅಂಟನ್ನು ಒಂದು ದಿನ ಬಿಸಿಲಿಗೆ ಹಾಕಿ. ದೊಡ್ಡ ತುಂಡಿದ್ರೆ ಕುಟ್ಟಿ ಸಣ್ಣ ಮಾಡ್ಕೊಳ್ಳಿ. ತುಪ್ಪ ಚೆನ್ನಾಗಿ ಕಾಯಲಿ, ಆಮೇಲೆ ಉರಿ ಸಣ್ಣ ಮಾಡಿ ಒಂದೊಂದೇ ಚಮಚ ಹಾಕಿ. ಒಟ್ಟಿಗೆ ಸುರಿದ್ರೆ ಅರಳಲ್ಲ.